ಅಳಲೆಕಾಯಿ ಮಸಿಯ ಮಾನಪತ್ರ

ನನ್ನ ಅಕ್ಷರ ಚೆಂದ. ಇದು ಜಂಬದ ಮಾತಲ್ಲ, ಮುಲುಂಡಿನ ನಮ್ಮ ಬಿಲ್ಡಿಂಗಿನ ಮೂರೂ ಮಹಡಿಯವರು ಒಪ್ಪಿದ ಸಂಗತಿ. ಮೆಟ್ಟಿಲ ಬಳಿಯ ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಸೂಚನೆ ಬರೆಯುವ ಕೆಲಸ ನನ್ನದೇ. ಯಾರೋ ಬರೆದುಕೊಟ್ಟದ್ದನ್ನು ನೋಡಿ ಮರಾಠಿಯಲ್ಲಿ ಬರೆದರೂ ಸರಿ, ಹಿಂದಿಯಲ್ಲಿ ಬರೆದರೂ ಸರಿ, ಜನ ನಿಂತು ನೋಡುತ್ತಿದ್ದರು. "ನಾಳೆ ನೀರು ಬರುವುದಿಲ್ಲ" ಎಂಬ ಸುದ್ದಿಯನ್ನು ಓದಿ "ವಾಹ್!" ಎಂದವರಿದ್ದಾರೆ. ಇಂಥ ಹೆಂಗಸಿಗೆ ಒಂದು ಮಾನಪತ್ರ ಬರೆಯುವುದು ಎಷ್ಟರ ಕೆಲಸ?

ಮಾನಪತ್ರ ಗಿರಿಜಾಬಾಯಿ ಟೀಚರಿಗೆ. ಭಾಂಡುಪಿನ ಕನ್ನಡ ಶಾಲೆಯಲ್ಲಿ ಅವರು ಹೆಡ್‌ಮಿಸ್ಟ್ರೆಸ್. ನಾನು ಧಾರವಾಡದಿಂದ ಮದುವೆಯಾಗಿ ಬಂದ ಹೊಸತರಲ್ಲಿ ಒಂದು ದಿನ ಮಾರ್ಕೆಟಿನಲ್ಲಿ ಕೊತ್ತಂಬರಿಯವಳ ಜೊತೆ ಕನ್ನಡದಲ್ಲಿ ಚೌಕಾಸಿ ಮಾಡುತ್ತಿದ್ದೆ. ಅವಳಿಗೆ ಕನ್ನಡ ಬಾರದು, ನನಗೆ ಬೇರೇನೂ ಬಾರದು. ಹಿಂದಿನಿಂದ ಒಂದು ದನಿ ಬಂತು: "ಧಾರವಾಡದಾಕೀ ಏನು ನೀ?" ಅಂದೇ ನನ್ನನ್ನು ಕೈಹಿಡಿದು ಕರೆದುಕೊಂಡು ಹೋಗಿ ಚಹಾ ಕೊಟ್ಟರು. ಮರುವಾರದಿಂದ ಶನಿವಾರ ಶನಿವಾರ ಅವರ ಶಾಲೆಯ ಮಕ್ಕಳಿಗೆ ಅಕ್ಷರ ತಿದ್ದಿಸುವ ಕೆಲಸಕ್ಕೆ ಹಚ್ಚಿದರು. ಆಗ ಮುಂಬಯಿಯಲ್ಲಿ ನನಗೆ ಅಂತ ಇದ್ದವರು ಅವರೊಬ್ಬರೇ. ಗಂಡ ಇದ್ದರು, ಆದರೆ ಅವರು ಬೆಳಿಗ್ಗೆ ಲೋಕಲ್ ಹತ್ತಿದರೆ ಸಂಜೆಯೇ ಇಳಿಯುವುದು.

ಅಂಥ ಗಿರಿಜಾಬಾಯಿ ನಿವೃತ್ತರಾಗುವ ದಿನ ಬಂತು. ನಮ್ಮ ಮಹಿಳಾ ಮಂಡಳದವರು ಸನ್ಮಾನ ಮಾಡುವುದೆಂದು ಠರಾವು ಮಾಡಿದೆವು. ಅಧ್ಯಕ್ಷೆ ಸುಮತಿಯಕ್ಕ ಉಡುಪಿಯ ಕಡೆಯವರು. ಅವರ ಗಂಡನಿಗೆ ಸ್ಟೇಷನ್ ಬಳಿ ಹೋಟೆಲು. ಒಳ್ಳೆಯ ಮನಸ್ಸಿನವರು, ಗಟ್ಟಿ ಗಂಟಲಿನವರು. ಆದರೆ ಮೈಕು ಸಿಕ್ಕಿದರೆ ಬಿಡುವವರಲ್ಲ. ಹಿಂದಿನ ವಾರ್ಷಿಕೋತ್ಸವದಲ್ಲಿ ಅವರು ಭಾಷಣ ಮಾಡುತ್ತಿರುವಾಗಲೇ ಮೈಕಿನವನು ಒಂದು ಸ್ಪೀಕರು ಬಿಚ್ಚಿಕೊಂಡು ಬೇರೆ ಮದುವೆಗೆ ಹೋಗಿಬಿಟ್ಟಿದ್ದ.

"ಮಾನಪತ್ರ ನೀವೇ ಬರೀರಿ ವತ್ಸಲಾ," ಎಂದರು ಸುಮತಿಯಕ್ಕ. "ಮಾತು ನಾನು ಬರೆದುಕೊಡ್ತೇನೆ. ಅಂಗಡಿಯಿಂದ ಒಂದು ಬಾಟಲಿ ಇಂಕು ತಂದ್ರೆ ಆಯ್ತಲ್ಲ?"

"ಇಂಕಿನ ಚಿಂತಿ ನನಗ ಬಿಡ್ರಿ ಅಕ್ಕಾ," ಎಂದೆ ನಾನು. ಬಾಯಿ ಮುಚ್ಚಿಕೊಂಡು ಅವರು ಹೇಳಿದ ಬಾಟಲಿ ತಂದಿದ್ದರೆ ಇವತ್ತು ಈ ಕಥೆ ಇರುತ್ತಿರಲಿಲ್ಲ.

ನಮ್ಮ ಮನೆಯವರು ಪರೇಲ್‌ನಲ್ಲಿರುವ ಬಣ್ಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಮಿಸ್ಟು. ಅವರಿಗೆ ಹೇಳಿ ಫೋರ್ಟಿನಿಂದ ಎರಡು ಹಾಳೆ ಕೈಕಾಗದ ತರಿಸಿದೆ. ದಪ್ಪಗೆ, ಕೆನೆ ಬಣ್ಣದ್ದು, ಅಂಚು ದೋಸೆಯ ಅಂಚಿನ ಹಾಗೆ. ಆಮೇಲೆ ನಾನೇ ಸ್ಟೇಷನರಿ ಅಂಗಡಿಗೆ ಹೋದೆ.

"ಅಚ್ಛಾವಾಲಾ ಇಂಕ್ ದೀಜಿಯೇ," ಎಂದೆ.

"ಕೌನ್‌ಸಾ, ಬೆಹೆನ್?" ಎಂದು ಅಂಗಡಿಯ ಗುಜರಾತಿ ಸೇಠ್ ಒಂದೊಂದೇ ಬಾಟಲಿ ಜೋಡಿಸತೊಡಗಿದ. ನೀಲಿ, ಕಡುನೀಲಿ, ನೀಲಿಕಪ್ಪು, ಬರೀ ಕಪ್ಪು, ಡ್ರಾಯಿಂಗಿನದು, ಠಸ್ಸೆಯದು. ಇಷ್ಟು ಬಗೆ ಇರುತ್ತವೆ ಅಂತ ನನಗೇನು ಗೊತ್ತು! ಒಂದರ ಮೇಲೆ "ವಾಷೆಬಲ್" ಎಂದಿತ್ತು. ನನ್ನ ತಲೆ ಚುರುಕಾಗಿ ಓಡಿತು. ವಾಷೆಬಲ್ ಸೀರೆ ಎಂದರೆ ಏನು? ಒಗೆದರೂ ಬಣ್ಣ ಹೋಗದ ಸೀರೆ. ಹಾಗಾದರೆ ವಾಷೆಬಲ್ ಇಂಕು ಎಂದರೆ? ತೊಳೆದರೂ ಹೋಗದ ಇಂಕು! ತಂದೆ. ಮನೆಯಲ್ಲಿ ಒಂದು ತುಂಡು ಕಾಗದದ ಮೇಲೆ ದೊಡ್ಡದಾಗಿ "ಶ್ರೀ" ಬರೆದು, ಒಣಗಿಸಿ, ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದೆ. ಶ್ರೀ ಹರಿದು ಹೋಯಿತು.

ಸಂಜೆ ಇವರು ಬಂದು ವಿವರಿಸಿದರು. "ವಾಷೆಬಲ್ ಅಂದರ ಅಂಗಿ ಮ್ಯಾಲ ಚೆಲ್ಲಿದರ ಒಗದು ತಗೀಬಹುದು ಅಂತ. ನನ್ನ ಕೇಳಿದ್ರ ಹೇಳ್ತಿದ್ದೆ."

ಇದು ನಮ್ಮ ಮನೆಯವರ ಮಂತ್ರ. ಕೇಳಿದ್ದರೆ ಹೇಳುತ್ತಿದ್ದೆ! ನನಗೆ ರೇಗಿತು. ಮರುದಿನ ಕೇಳದೆಯೇ ಹೋಗಿ "ವಾಟರ್‌ಪ್ರೂಫ್" ಎಂದು ಬರೆದ ಡ್ರಾಯಿಂಗ್ ಇಂಕು ತಂದೆ. ಇವರ ಫೌಂಟನ್ ಪೆನ್ನಿಗೆ ತುಂಬಿ ಮೊದಲನೇ ಕೈಕಾಗದದ ಮೇಲೆ ಅಂಚಿನ ಬಳ್ಳಿ ಬಿಡಿಸಲು ಕೂತೆ. ಮೂರು ಎಲೆ ಬಿಡಿಸಿದೆ. ನಾಲ್ಕನೇ ಎಲೆಗೆ ಪೆನ್ನು ಕಟ್ಟಿತು. ಝಾಡಿಸಿದೆ. ಹಾಳೆಯ ನಡುವೆ ಹುಣಸೆಬೀಜದಷ್ಟು ದೊಡ್ಡ ಹನಿ ಬಿತ್ತು. ಒರೆಸಿದೆ. ಹುಣಸೆಬೀಜ ಹುಣಸೆಕಾಯಾಯಿತು. ಆ ಹಾಳೆಯ ಕಥೆ ಅಲ್ಲಿಗೆ ಮುಗಿಯಿತು. ಬೆಳಿಗ್ಗೆ ನೋಡಿದರೆ ಪೆನ್ನಿನೊಳಗೆ ಇಂಕು ಸಿಮೆಂಟಿನ ಹಾಗೆ ಕೂತಿದೆ. ಇವರು ಅದನ್ನು ಬಿಸಿನೀರಿನಲ್ಲಿ ಅದ್ದಿದರು, ಸ್ಪಿರಿಟಿನಲ್ಲಿ ಅದ್ದಿದರು. ಕೊನೆಗೆ ಮೇಜಿನ ಮೇಲೆ ಮೆಲ್ಲಗೆ ಮಲಗಿಸಿದರು.

"ನಿಮ್ಮ ಅಪ್ಪ ಮದುವ್ಯಾಗ ಕೊಟ್ಟಿದ್ದು," ಎಂದರು. "ದುಃಖ ನಿಂದ. ನಾ ಏನೂ ಅನ್ನೂದಿಲ್ಲ."

ನನಗೆ ಹಟ ಬಂತು. ಅಂಗಡಿಯ ಇಂಕೇ ಬೇಡ! ನಮ್ಮಜ್ಜ ಊರಿನ ಕುಲಕರ್ಣಿ. ತನ್ನ ಮಸಿಯನ್ನು ತಾನೇ ಮಾಡಿಕೊಳ್ಳುತ್ತಿದ್ದ. ಅವನ ಕಡತಗಳ ಅಕ್ಷರ ನಿನ್ನೆ ಬರೆದಂತೆ ಕರ್ರಗೆ ಇದ್ದದ್ದು ನನಗೆ ನೆನಪಿತ್ತು. ಮಾಡುವ ಬಗೆ ಕೇಳಿ ಅವ್ವನಿಗೆ ಕಾಗದ ಹಾಕಿದೆ. ಕಾರ್ಡು ಬಂತು: "ಅಳಲೆಕಾಯಿ ಕುಟ್ಟಿ ಕುದಿಸಬೇಕು. ಸೋಸಿ ಅನ್ನಭೇದಿ ಹಾಕಬೇಕು. ಚೂರು ಗೋಂದು ಹಾಕಬೇಕು. ಎಷ್ಟೆಷ್ಟು ಅನ್ನೂದು ಅಜ್ಜಗ ಗೊತ್ತಿತ್ತು. ಇಲ್ಲೆ ಎಲ್ಲಾರೂ ಆರಾಮ." ಕೆಳಗೆ ಇನ್ನೂ ಒಂದು ಸಾಲು ಇತ್ತು: "ಬರದ ಕೂಡಲೆ ಬಣ್ಣಾ ನೋಡಿ..." ಮುಂದಿನದರ ಮೇಲೆ ಪೋಸ್ಟಿನ ಮುದ್ರೆ ಬಿದ್ದಿತ್ತು. ಬಣ್ಣ ನೋಡಿ ಖುಷಿಪಡು ಅಂತ ಇರಬೇಕು ಎಂದುಕೊಂಡೆ. ಅವ್ವ ಮತ್ತೇನು ಬರೆದಾಳು?

ಈಗ ಅಳಲೆಕಾಯಿಗೆ ಮರಾಠಿಯಲ್ಲಿ ಏನನ್ನುತ್ತಾರೆ? ಪಕ್ಕದ ಮನೆಯ ಕುಸುಮತಾಯಿಗೆ ಕೈಬಾಯಿ ಮಾಡಿ ವರ್ಣಿಸಿದೆ. ಒಣಗಿದ್ದು, ಗೆರೆಗೆರೆ ಇರುವುದು, ಒಗರು.

"ಹಿರಡಾ!" ಎಂದರು ಕುಸುಮತಾಯಿ. ಆಮೇಲೆ ದನಿ ತಗ್ಗಿಸಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಕುಣಾಲಾ ತ್ರಾಸ ಆಹೇ? ಭಾವುಜೀಂನಾ?" ಎಂದು ಕೇಳಿದರು. ಯಾರಿಗೆ ತೊಂದರೆ, ಮನೆಯವರಿಗಾ ಎಂದು. ನಾನು ಅವರು "ಅಕ್ಷರ ಬರೆಯುವುದು ತ್ರಾಸವೇ?" ಎಂದು ಕೇಳಿದರೆಂದು ತಿಳಿದು, "ಖೂಪ್! ಖೂಪ್!", ಬಹಳ ಬಹಳ, ಎಂದುಬಿಟ್ಟೆ. ಅನ್ನಭೇದಿಗೆ, ಅಂದರೆ ಆ ಹಸಿರು ಕಬ್ಬಿಣದ ಉಪ್ಪಿಗೆ, "ಹಿರಾಕಸ" ಎನ್ನುತ್ತಾರಂತೆ. ಅದು ಇವರ ಪುಸ್ತಕದಲ್ಲಿ ಸಿಕ್ಕಿತು. ಹಿರಡಾ, ಹಿರಾಕಸ, ಹಿರಡಾ, ಹಿರಾಕಸ ಎಂದು ಜಪಿಸುತ್ತ ಔಷಧದ ಅಂಗಡಿಗೆ ಹೋದೆ.

"ಅರ್ಧಾ ಕಿಲೋ ಹಿರಡಾ ದ್ಯಾ," ಎಂದೆ.

ಅಂಗಡಿಯ ಮುದುಕ ಕನ್ನಡಕ ಮೇಲೇರಿಸಿದ. "ಅರ್ಧಾ ಕಿಲೋ? ಘರಾತ ಮಾಣಸಂ ಕಿತೀ?" ಮನೆಯಲ್ಲಿ ಜನ ಎಷ್ಟು ಎಂದು.

"ದೋನ್," ಎಂದೆ, ಇಬ್ಬರೇ ಎಂದು.

ಮುದುಕ ನನ್ನನ್ನು ಬಹಳ ಹೊತ್ತು ಕರುಣೆಯಿಂದ ನೋಡಿದ. ಪೊಟ್ಟಣ ಕಟ್ಟಿಕೊಡುವಾಗ, ಒಂದು ಸಲಕ್ಕೆ ಒಂದೇ ಚಮಚ ಎಂದು ಮೂರು ಸಲ ಹೇಳಿದ.

ಅಳಲೆಕಾಯಿ ಹೊಟ್ಟೆ ಕಟ್ಟಿದವರಿಗೆ ಕೊಡುವ ಔಷಧ ಎಂದು ಮರೆತದ್ದು ನನ್ನ ತಪ್ಪು. ಎರಡೇ ದಿನದಲ್ಲಿ ಬಿಲ್ಡಿಂಗಿಗೆಲ್ಲ ಸುದ್ದಿ ಹಬ್ಬಿತು. ಇವರು ಸಂಜೆ ಕಕ್ಕಾಬಿಕ್ಕಿಯಾಗಿ ಮನೆಗೆ ಬಂದರು.

"ಏನಾಗ್ಯದ ನನಗ? ಕೆಳಗಿನ ಮನಿಯವರು ಬಾಳೆಹಣ್ಣು ಕೊಟ್ಟರು. ಮ್ಯಾಲಿನವರು ಇಸಬಗೋಲ ತಗೋರಿ ಅಂದರು. ಮುಂಜಾನೆ ಲೋಕಲ್‌ನ್ಯಾಗ ಒಬ್ಬಾತ ಎದ್ದು ನಿಂತು ನನಗ ಸೀಟು ಕೊಟ್ಟ! ಇಷ್ಟು ವರ್ಷದಾಗ ಇದು ಮೊದಲನೇ ಸಲ!"

"ಸೀಟು ಸಿಕ್ತಲ್ಲ, ಸುಮ್ನ ಕೂಡ್ರಿ," ಎಂದೆ. "ಮತ್ತ ಅಡಗಿಮನಿಗೆ ಬರಬ್ಯಾಡ್ರಿ. ನಾ ಮಸಿ ಮಾಡ್ಲಿಕ್ಹತ್ತೇನಿ."

"ಅಳಲೆಕಾಯಿ ಮಸಿ? ಅದರಾಗ ಒಂದು ಮಾತು..."

"ಒಂದು ಮಾತೂ ಬ್ಯಾಡ!"

ಸನ್ಮಾನ ಭಾನುವಾರ. ಗುರುವಾರ ಮಧ್ಯಾಹ್ನ ಅಳಲೆಕಾಯಿ ಕುಟ್ಟಿ ಸೀಮೆಎಣ್ಣೆ ಸ್ಟೋವಿನ ಮೇಲೆ ಕುದಿಸಿದೆ. ಹಳದಿ ಕಷಾಯವಾಯಿತು. ಸೋಸಿ ಒಂದು ಚಿಟಿಕೆ ಅನ್ನಭೇದಿ ಹಾಕಿದೆ. ಏನು ಹೇಳಲಿ! ಕಣ್ಣೆದುರಿಗೇ ಕಷಾಯ ನೇರಳೆಯಾಗಿ ಕಪ್ಪಾಗತೊಡಗಿತು. ನಾನು ಒಬ್ಬಳೇ ಚಪ್ಪಾಳೆ ತಟ್ಟಿದೆ. ಓರೆಯಾಗಿ ಕತ್ತರಿಸಿದ ಬಿದಿರಿನ ಲೇಖನಿ ತೆಗೆದುಕೊಂಡೆ. ಆದರೆ ಯಾವುದರ ಮೇಲೆ ಬರೆದು ನೋಡುವುದು? ಕೈಕಾಗದ ಮಸಿ ಕುಡಿಯುವ ರೀತಿಯೇ ಬೇರೆ, ಅದರ ಮೇಲೆಯೇ ನೋಡಬೇಕು. ಉಳಿದದ್ದು ಒಂದೇ ಹಾಳೆ. ಹಿಂಬದಿಯ ಮೇಲೆ ನೋಡಿದರಾಯಿತು, ಹಿಂಬದಿಯನ್ನು ಯಾರು ನೋಡುತ್ತಾರೆ?

ಕೈ ಪಳಗಿಸಲು ಏನು ಬರೆಯುವುದು ಎಂದು ಯೋಚಿಸಲಿಲ್ಲ. ತಲೆಯಲ್ಲಿದ್ದದ್ದನ್ನು ಬರೆದೆ. ಎರಡು ದಿನದಿಂದ ಮೆಟ್ಟಿಲ ಹಲಗೆಯ ಮೇಲೆ ಬರೆದುಬಿಡಲೇ ಎಂದುಕೊಂಡಿದ್ದ ಮಾತು ಮೊದಲು ಬಂತು: "ನಮ್ಮ ಮನೆಯವರ ಹೊಟ್ಟೆ ಸರಿಯಾಗಿದೆ." ಸುಮತಿಯಕ್ಕ ಬರೆದುಕೊಟ್ಟ ಮೂರು ಪುಟದ ಮಾನಪತ್ರ ಪಕ್ಕದಲ್ಲೇ ಇತ್ತು, ಅದನ್ನು ನೋಡಿ ಎರಡನೆಯ ಸಾಲು: "ಸುಮತಿಯಕ್ಕನ ಬಾಷಣ ರಬ್ಬರಿನ ಹಾಗೆ, ಎಳೆದಷ್ಟೂ ಉದ್ದ." ಮೂರನೆಯದು ಅಂಗಡಿಯಿಂದ ತರಬೇಕಾದ ಸಾಮಾನು: "ಇಂಗು, ಸೋಡಾ, ಸಾಬೂನು."

ಒಣಗಲು ಬಿಟ್ಟು ನೋಡಿದರೆ ಅಕ್ಷರವೇ ಇಲ್ಲ! ಪಾತ್ರೆಯಲ್ಲಿ ಕಪ್ಪು, ಕಾಗದದಲ್ಲಿ ನೀರು. ಕಿಟಕಿಯ ಬೆಳಕಿಗೆ ಹಿಡಿದರೆ ಬೆವರಿನ ಕಲೆಯಂಥ ಮಸುಕು, ಅಷ್ಟೇ. ನನಗೆ ಅಳುವೇ ಬಂತು. ಮಸಿ ತೆಳ್ಳಗಾಗಿದೆ, ಕೆಟ್ಟಿದೆ. ದಪ್ಪ ಮಾಡಬೇಕು! ದೀಪದ ಕಾಡಿಗೆ ಕೆರೆದು ಹಾಕಿದೆ. ಅಂಟಿನ ಉಂಡೆಗೆಂದು ತಂದಿಟ್ಟ ಗೋಂದನ್ನು ಕರಗಿಸಿ ಹಾಕಿದೆ. ಚೂರು ಸಾಲದೆನಿಸಿತು. ಮತ್ತಷ್ಟು ಹಾಕಿದೆ. ಈಗ ನೋಡಿ! ಡಾಂಬರಿನಂಥ ಮಸಿ. ಹಾಳೆ ಮಗುಚಿ, ಮೂರು ಪುಟದ ಮಾತನ್ನು ಹದಿನೆಂಟು ಸಾಲಿಗೆ ಇಳಿಸಿ, ಒಂದೇ ಕೂತಿನಲ್ಲಿ ಬರೆದೆ. ಒಂದೊಂದು ಅಕ್ಷರವೂ ಎಣ್ಣೆ ಹಚ್ಚಿದ ಕರಿಕಲ್ಲಿನ ಹಾಗೆ ಮಿಂಚುತ್ತಿತ್ತು.

"ಫ್ರೇಮ್ ಹಾಕಸೂಣೇನು?" ಎಂದರು ಇವರು ದೂರದಿಂದಲೇ.

"ಗಾಜಿನ ಹಿಂದ ಮಿಂಚು ಎಲ್ಲಿ ಕಾಣಸ್ತದ? ಸುರುಳಿನ ಇರಲಿ!" ಎಂದು ಅವತ್ತು ಸಂಜೆಯೇ ಹಾಳೆಯನ್ನು ಸುತ್ತಿ, ಖಣದ ಬಟ್ಟೆಯಲ್ಲಿ ಹೊಲಿದ ಚೀಲದಲ್ಲಿಟ್ಟು ಬಾಯಿ ಕಟ್ಟಿದೆ.

ಭಾನುವಾರ ಶಾಲೆಯ ಸಭೆಯ ಹಾಲು ಜನರಿಂದ ತುಂಬಿತ್ತು. ಗಿರಿಜಾಬಾಯಿ ವೇದಿಕೆಯ ಮೇಲೆ ಇಳಕಲ್ ಸೀರೆ ಉಟ್ಟು, ಪರೀಕ್ಷೆಯ ಹಾಲಿನಲ್ಲಿ ಕೂತ ಹಾಗೆ ನೆಟ್ಟಗೆ ಕೂತಿದ್ದರು. ಶಾಲು ಹೊದಿಸಿದ್ದಾಯಿತು. ಮಾನಪತ್ರ ವಾಚನ ಸುಮತಿಯಕ್ಕನದು. ಹಾಳೆ ಸುರುಳಿ ಸುತ್ತಿಕೊಳ್ಳುತ್ತದಲ್ಲ, ಹಾಗಾಗಿ ಮೇಲಿನ ಅಂಚನ್ನು ಅವರು ಹಿಡಿದರು, ಪಕ್ಕದಲ್ಲಿ ನಿಂತು ಕೆಳಗಿನ ಅಂಚನ್ನು ನಾನು ಹಿಡಿದೆ. ನಮಗೂ ಜನಕ್ಕೂ ನಡುವೆ ಹಾಳೆ ಪರದೆಯ ಹಾಗೆ ನಿಂತಿತು.

"ಪೂಜ್ಯ ಗಿರಿಜಾಬಾಯಿಯವರೇ," ಎಂದು ಸುಮತಿಯಕ್ಕ ಶುರುಮಾಡಿದರು. "ತಾವು ಜ್ಞಾನದ ಜ್ಯೋತಿ!"

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ತಾವು ಹಚ್ಚಿದ ದೀಪಗಳು ಮುಂಬಯಿಯ ಮೂಲೆಮೂಲೆಯಲ್ಲಿ ಬೆಳಗುತ್ತಿವೆ!"

ಈಗ ಎರಡನೆಯ ಸಾಲೂ ನಕ್ಕಿತು. ನನಗೆ ಏನೂ ತಿಳಿಯಲಿಲ್ಲ. ಸೆರಗು ನೋಡಿಕೊಂಡೆ, ಸರಿಯಾಗಿತ್ತು. ಸುಮತಿಯಕ್ಕನ ಕುಂಕುಮ ನೋಡಿದೆ, ಅದೂ ಸರಿಯಾಗಿತ್ತು. "ಎಂತ ಆಯ್ತು ಇವರಿಗೆ?" ಎಂದು ಪಿಸುಗುಟ್ಟಿ ಸುಮತಿಯಕ್ಕ ಇನ್ನೂ ಗಟ್ಟಿಯಾಗಿ, "ತಮ್ಮ ತಾಳ್ಮೆ ಸಾಗರ!" ಎಂದರು. ಹಾಲಿಗೆ ಹಾಲೇ ನಕ್ಕಿತು. ತಾಳ್ಮೆಯಲ್ಲಿ ನಗುವಂಥದ್ದೇನಿದೆ?

ಆಗ ಮೂರನೆಯ ಸಾಲಿನಲ್ಲಿ ನಮ್ಮ ಮನೆಯವರು ಕಂಡರು. ಅವರೊಬ್ಬರೇ ನಗುತ್ತಿರಲಿಲ್ಲ. ಎರಡೂ ಕೈಯಿಂದ ಏನನ್ನೋ ಮುಚ್ಚುವ ಹಾಗೆ, ಆಮೇಲೆ ಬೆರಳು ಗಿರಗಿರ ತಿರುಗಿಸುವ ಹಾಗೆ ಸನ್ನೆ ಮಾಡುತ್ತಿದ್ದರು. ಫ್ಯಾನು ಜೋರು ಮಾಡು ಅಂತಲೇ? ಬೇಗ ಮುಗಿಸಿ ಅಂತಲೇ? ಬೆರಳು ಇನ್ನೂ ಜೋರಾಗಿ ತಿರುಗಿತು. ಓಹೋ! ಹಾಳೆ ತಿರುಗಿಸು ಅಂತ! ಜನಕ್ಕೆ ಅಕ್ಷರದ ಮಿಂಚು ಕಾಣಲಿ ಅಂತ! ಎಷ್ಟಾದರೂ ಗಂಡ, ನನ್ನ ಅಕ್ಷರದ ಮೇಲೆ ಅಭಿಮಾನ. ನಾನು ಹಾಳೆಯನ್ನು ಸುಮತಿಯಕ್ಕನ ಕೈಯಿಂದ ಬಿಡಿಸಿ, ಫಟ್ಟನೆ ಮಗುಚಿ, ಮತ್ತೆ ಅವರ ಕೈಗೆ ಕೊಟ್ಟೆ.

ಜನರ ನಗು ನಿಂತಿತು. ಸುಮತಿಯಕ್ಕನ ಓದು ಮಾತ್ರ ನಿಲ್ಲಲಿಲ್ಲ. ಕಣ್ಣಿಗೆ ಬಿದ್ದದ್ದನ್ನು ಅದೇ ಗಂಭೀರ ದನಿಯಲ್ಲಿ, ಮೈಕಿನಲ್ಲಿ ಓದಿದರು:

"ನಮ್ಮ ಮನೆಯವರ ಹೊಟ್ಟೆ ಸರಿಯಾಗಿದೆ!"

ಹಾಳೆಯ ಮೇಲೆ ನೋಡಿದರೆ, ಮೊನ್ನೆ ಮಾಯವಾಗಿದ್ದ ಅಕ್ಷರಗಳೆಲ್ಲ ಕರ್ರಗೆ, ದಪ್ಪಗೆ, ಎದ್ದು ಕೂತಿವೆ!

"ಸುಮತಿಯಕ್ಕನ ಭಾಷಣ ರಬ್ಬರಿನ ಹಾಗೆ! ಎಳೆದಷ್ಟೂ ಉದ್ದ! ಇಂಗು! ಸೋಡಾ! ಸಾಬೂನು! ಇಂತೀ ತಮ್ಮ ವಿನೀತರು, ಮಹಿಳಾ ಮಂಡಳದ ಸದಸ್ಯೆಯರು!"

ಕೊನೆಯ ವಾಕ್ಯ ಹಾಳೆಯಲ್ಲಿರಲಿಲ್ಲ, ಅಭ್ಯಾಸಬಲದಿಂದ ಬಂತು. ಆಮೇಲೆ ಎದ್ದ ನಗೆಗೆ ತಗಡಿನ ಮಾಡು ಹಾರಿಹೋಗದಿದ್ದದ್ದು ನಮ್ಮ ಪುಣ್ಯ. ನಾನು ವೇದಿಕೆಯ ಹಲಗೆ ಬಿರಿದು ನನ್ನನ್ನು ನುಂಗಬಾರದೇ ಎಂದು ನೋಡಿದೆ. ಹಲಗೆ ಗಟ್ಟಿಯಾಗಿತ್ತು.

"ಇಲ್ಲೆ ತಾ," ಎಂದರು ಗಿರಿಜಾಬಾಯಿ.

ಹಾಳೆ ತೆಗೆದುಕೊಂಡು ಆ ಬದಿ ನೋಡಿದರು, ಈ ಬದಿ ನೋಡಿದರು. ಪರ್ಸಿನಿಂದ ಕೆಂಪು ಪೆನ್ಸಿಲ್ ತೆಗೆದು ಒಂದು ಕಡೆ ಸುತ್ತು ಹಾಕಿದರು. "ಭಾಷಣ. ಮಹಾಪ್ರಾಣ ಎಲ್ಲಿ ಹೋತು ವತ್ಸಲಾ? ಮಕ್ಕಳಿಗೂ ಹಿಂಗ ತಿದ್ದಸ್ತೀ ಏನು?" ಮೈಕು ಹತ್ತಿರವೇ ಇತ್ತು. ಎಲ್ಲರಿಗೂ ಕೇಳಿಸಿತು.

"ತಪ್ಪಾತ್ರೀ ಬಾಯಾರ," ಎಂದೆ. ಅದೂ ಕೇಳಿಸಿತು.

ಚಹಾ ಕುಡಿಯುವಾಗ ಸುಮತಿಯಕ್ಕನ ಬಳಿ ಹೋಗಿ ಕೈಮುಗಿದೆ. ಬೈದರೆ ಬೈಸಿಕೊಳ್ಳುವುದು ಎಂದು ಗಟ್ಟಿ ಮಾಡಿಕೊಂಡಿದ್ದೆ.

"ಕ್ಷಮೆ ಯಾಕೆ ಮಾರಾಯ್ತಿ?" ಎಂದರು ಅವರು. "ನಾನು ಓದುವಾಗ ಅರ್ಥ ಎಲ್ಲ ನೋಡುದಿಲ್ಲ, ದನಿ ಮಾತ್ರ ನೋಡುದು. ರಬ್ಬರು ಅಂದ್ರೆ ಬಾಳಿಕೆ ಬರುವ ವಸ್ತು ಅಲ್ವಾ? ಹೊಗಳಿದ್ದು ಅಂತ ಎಣಿಸಿದೆ. ಸಾಬೂನು ಎಂತಕ್ಕೆ ಅಂತ ಮಾತ್ರ ಗೊತ್ತಾಗ್ಲಿಲ್ಲ."

"ಹೊಗಳಿದ್ದ ಅಕ್ಕಾ," ಎಂದೆ. ಸುಳ್ಳು ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ವಾಪಸು ಬರುವಾಗ ಲೋಕಲ್‌ನಲ್ಲಿ ಇವರು ಮೆಲ್ಲಗೆ ಶುರುಮಾಡಿದರು. "ಸುತ್ತಿಡು ಅಂತ ಸನ್ನಿ ಮಾಡಿದರ ನೀ ಮಗಚಿಬಿಟ್ಟಿ. ಅಳಲೆಕಾಯಿ ಮಸೀ ಗುಣಾನ ಹಂಗ. ಬರಿಯೂಮುಂದ ಕಾಣಸೂದಿಲ್ಲ. ಗಾಳಿ ತಾಕಿ ಎರಡು ದಿನಕ್ಕ ಕಪ್ಪಾಗ್ತದ. ಬಣ್ಣಾ ನೋಡಿ ಗಾಬರಿ ಆಗಬಾರದು."

"ಹಂಗಾದರ ನಾ ಮೊದಲ ಮಾಡಿದ್ದ ಮಸಿ..."

"ಅಗದೀ ಫಸ್ಟ್ ಕ್ಲಾಸ್ ಆಗಿತ್ತು. ಆಮ್ಯಾಲ ಕಾಡಿಗಿ ಗೋಂದು ಹಾಕಿ ಕೆಡಿಸಿದಿ. ನನ್ನ ಕೇಳಿದ್ರ..."

"ಮುಲುಂಡ್ ಬಂತು, ಇಳೀರಿ!" ಎಂದೆ. ಬಂದಿರಲಿಲ್ಲ.

ಕೆಟ್ಟ ಮಸಿ ಎಂದರೆ ಎಷ್ಟು ಕೆಟ್ಟದ್ದು ಎಂದು ತಿಳಿದದ್ದು ಒಂದು ತಿಂಗಳ ಮೇಲೆ, ಗಿರಿಜಾಬಾಯಿಯವರ ಮನೆಗೆ ಹೋದಾಗ. ಅವರು ಬಂದವರಿಗೆಲ್ಲ ಮಾನಪತ್ರ ಬಿಚ್ಚಿ ತೋರಿಸುತ್ತಿದ್ದರಂತೆ, ಮತ್ತೆ ಸುತ್ತಿ ಇಡುತ್ತಿದ್ದರಂತೆ. ನಾನು ಕೂತಿದ್ದಾಗಲೂ ಬಿಚ್ಚಿದರು. ಪಟಪಟ ಸದ್ದಾಯಿತು. ಗೋಂದು ಹೆಚ್ಚಾಗಿ ಬಿರಿದಿದ್ದ ನನ್ನ ಮಿಂಚುವ ಅಕ್ಷರಗಳು ಒಂದೊಂದಾಗಿ ಕಳಚಿ ಫರಸಿಯ ಮೇಲೆ ಉದುರಿದವು. ಜ್ಞಾನದ ಜ್ಯೋತಿ ಆಗಲೇ ಹೋಗಿತ್ತು. ತಾಳ್ಮೆಯ ಸಾಗರ ನನ್ನ ಕಣ್ಣೆದುರಿಗೇ ಹೋಯಿತು. ಹಾಳೆಯಲ್ಲಿ ಗಟ್ಟಿಯಾಗಿ ಉಳಿದದ್ದು ಹಿಂಬದಿಯ ಮೂರು ಸಾಲು.

"ಹೊಗಳಿದ್ದೆಲ್ಲಾ ದಿನಾ ಇಷ್ಟಿಷ್ಟು ಉದರ್ತದ," ಎಂದರು ಗಿರಿಜಾಬಾಯಿ ಶಾಂತವಾಗಿ. "ಅಲ್ಲೆ ಬಾಗಲ ಹಿಂದ ಕಸಬರಿಗಿ ಅದ ನೋಡು."

ನಾನು ಸೆರಗು ಸಿಕ್ಕಿಸಿಕೊಂಡು ಕೂತೆ. ಮೂಲೆಗೆ ಹಾರಿದ್ದ ಒತ್ತಕ್ಷರಗಳನ್ನೂ ಬಿಡದೆ, ಮಂಚದ ಕೆಳಗಿನ ದೀರ್ಘಗಳನ್ನೂ ಎಳೆದುಕೊಂಡು, ಎಲ್ಲವನ್ನೂ ಮೊರದ ತುಂಬ ಗುಡಿಸಿದೆ. ಗಿರಿಜಾಬಾಯಿ ಕನ್ನಡಕ ಸರಿಮಾಡಿಕೊಂಡು ನೆಲವನ್ನು ಆ ಕಡೆಯಿಂದ ಈ ಕಡೆಯವರೆಗೆ ನೋಡಿದರು.

"ವತ್ಸಲಾ," ಎಂದರು, "ಕಸಾ ಮಾತ್ರ ಭಾಳ ಚಲೋ ಹೊಡೀತೀ!"